ಹಬ್ಬದ ರಜೆಯ ಅಡುಗೆಯೂ ಕೈಕೆಲಸವೂ ಒಂದೇ ಮೇಜಿನ ಮೇಲೆ: ಮನೆಮಂದಿಗೆಲ್ಲ ಪಾಲು ಸಿಗುವುದು ಹೇಗೆ?

ಮೂರು ತಲೆಮಾರಿನ ಮನೆ (ಚರ್ಚೆ ಆರಂಭಿಸಿದವರು)

ಹಬ್ಬದ ರಜೆಗೆ ನಮ್ಮ ಮನೆಯಲ್ಲಿ 4 ವರ್ಷದ ಮಗುವಿನಿಂದ ಹಿಡಿದು 80 ದಾಟಿದ ಅಜ್ಜಿಯವರೆಗೆ ಸುಮಾರು 15 ಮಂದಿ ಸೇರುತ್ತಾರೆ. ಇಬ್ಬರು ಬೆಳಗಿನಿಂದ ಒಲೆಯ ಮುಂದೆಯೇ ನಿಂತಿರುತ್ತಾರೆ; ಚಿಕ್ಕವರ ಗಲಾಟೆ ತಗ್ಗಲೆಂದು ಬೇರೆ ಕೋಣೆಯಲ್ಲಿ ಬಣ್ಣ, ಅಂಟು, ಕಾಗದ ಕೊಟ್ಟು ಅವರನ್ನು ಕೂರಿಸಲಾಗುತ್ತದೆ; ಹದಿಹರೆಯದವರು ಮೊಬೈಲ್ ಹಿಡಿದು ಮೂಲೆ ಸೇರುತ್ತಾರೆ; ಅಜ್ಜಿ ಕುರ್ಚಿಯಲ್ಲಿ ಕುಳಿತು ಎಲ್ಲವನ್ನೂ ನೋಡುತ್ತಿರುತ್ತಾರೆ. ಮಕ್ಕಳು ಅಷ್ಟು ಆಸ್ಥೆಯಿಂದ ಮಾಡಿದ್ದು ಎರಡು ದಿನಗಳಲ್ಲಿ ಕಸದ ಬುಟ್ಟಿ ಸೇರುತ್ತದೆ, ಏಕೆಂದರೆ ಆ ವಸ್ತುವಿಗೆ ಮನೆಯಲ್ಲಿ ಯಾವ ಕೆಲಸವೂ ಇರುವುದಿಲ್ಲ.

ಅಡುಗೆಯನ್ನು ದೊಡ್ಡವರ ದುಡಿಮೆ ಎಂದೂ ಕೈಕೆಲಸವನ್ನು ಮಕ್ಕಳನ್ನು ತೊಡಗಿಸಿಡುವ ಉಪಾಯ ಎಂದೂ ಬೇರ್ಪಡಿಸಿರುವುದೇ ಇದಕ್ಕೆಲ್ಲ ಮೂಲ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಮಕ್ಕಳು ಮಾಡುವ ವಸ್ತು ಆ ದಿನದ ಊಟಕ್ಕೆ ನಿಜವಾಗಿಯೂ ಬೇಕಾದದ್ದಾಗಿರಬೇಕು. ಹಾಗೆಯೇ ಅಡುಗೆಯಲ್ಲಿ ಪ್ರತಿಯೊಬ್ಬರಿಗೂ ವಯಸ್ಸಿಗೆ ಹೊಂದುವ ನಿಜವಾದ ಪಾಲು ಇರಬೇಕು. ಇದನ್ನು ತಮ್ಮ ಮನೆಗಳಲ್ಲಿ ನಡೆಸಿಕೊಂಡು ಬಂದವರು ವಿವರವಾಗಿ ತಿಳಿಸಬೇಕೆಂದು ಕೇಳಿಕೊಳ್ಳುತ್ತೇನೆ. ನಮ್ಮ ಮನೆಯಲ್ಲಿ ಗೋಧಿ ಒಗ್ಗದ ಒಂದು ಮಗುವೂ ಒಂದು ಸಾಕುನಾಯಿಯೂ ಇರುವುದನ್ನು ಗಮನದಲ್ಲಿಡಿ.

ಒಲೆಯ ಪಕ್ಕದವಳು

ನಿಮ್ಮ ಅನಿಸಿಕೆಗೆ ನನ್ನ ಪೂರ್ಣ ಒಪ್ಪಿಗೆ ಇದೆ. ಆದರೆ ಪಾಲು ಹಂಚುವ ಮೊದಲು ಅಡುಗೆಯ ಪಟ್ಟಿಯನ್ನೇ ಚಿಕ್ಕದು ಮಾಡಬೇಕಾಗುತ್ತದೆ. ಹನ್ನೆರಡು ಬಗೆ ಮಾಡಲು ಹೊರಟ ಮನೆಯಲ್ಲಿ ಮಗುವಿನ ನಿಧಾನದ ಕೈಗೆ ಜಾಗವಿರುವುದಿಲ್ಲ, ಏಕೆಂದರೆ ಅಲ್ಲಿ ಪ್ರತಿ ನಿಮಿಷಕ್ಕೂ ಲೆಕ್ಕವಿರುತ್ತದೆ. ಒಂದು ಮುಖ್ಯ ಬಗೆ, ಬೇಳೆಯದೋ ತರಕಾರಿಯದೋ ಒಂದು ಗಟ್ಟಿ ಸೂಪ್, ಕೈಯಲ್ಲಿ ರೂಪಿಸಬಹುದಾದ ಬ್ರೆಡ್, ಹಸಿಯಾಗಿಯೇ ತಿನ್ನುವ ಒಂದು ತರಕಾರಿ ಸಲಾಡ್, ಹಿಂದಿನ ದಿನವೇ ಮುಗಿಸಿಡಬಹುದಾದ ಒಂದು ಸಿಹಿ: 15 ಮಂದಿಗೆ ಇಷ್ಟು ಧಾರಾಳವಾಗಿ ಸಾಕು. ಗೋಧಿ ಒಗ್ಗದ ಮಗುವಿಗಾಗಿ ಅನ್ನವನ್ನೋ ಬೇಯಿಸಿದ ಆಲೂಗಡ್ಡೆಯನ್ನೋ ಎಲ್ಲರಿಗೂ ಸೇರಿಸಿ ಮಾಡಿದರೆ ಆ ಮಗು ಪ್ರತ್ಯೇಕ ತಟ್ಟೆಯ ಮುಂದೆ ಒಂಟಿಯಾಗುವುದಿಲ್ಲ.

ಊಟದ ಹೊತ್ತಿನಿಂದ ಹಿಂದಕ್ಕೆ ಎಣಿಸಿಕೊಂಡು ಬನ್ನಿ. ಮಾಂಸದ ಅಡುಗೆ ಇದ್ದು ಅದು ಹೆಪ್ಪುಗಟ್ಟಿದ್ದರೆ, ಫ್ರಿಜ್ಜಿನೊಳಗೇ ಕರಗಿಸಲು ಪ್ರತಿ 2 ಕಿಲೋಗೆ ಸುಮಾರು 24 ಗಂಟೆ ಬೇಕು. ಅಡುಗೆಕಟ್ಟೆಯ ಮೇಲಿಟ್ಟು ಕರಗಿಸಿದರೆ ಒಳಭಾಗ ಗಟ್ಟಿಯಾಗಿರುವಾಗಲೇ ಹೊರಭಾಗದಲ್ಲಿ ಸೂಕ್ಷ್ಮಜೀವಿಗಳು ಬೆಳೆಯತೊಡಗುತ್ತವೆ. ಸೂಪ್ ಹಿಂದಿನ ದಿನ ಮಾಡಿಟ್ಟರೆ ರುಚಿ ಇನ್ನಷ್ಟು ಕೂಡಿಕೊಳ್ಳುತ್ತದೆ. ಬ್ರೆಡ್ಡಿನ ಹಿಟ್ಟನ್ನೂ ಹಿಂದಿನ ರಾತ್ರಿ ನಾದಿ ಮುಚ್ಚಿ ಫ್ರಿಜ್ಜಿನಲ್ಲಿಡಬಹುದು, ಏಕೆಂದರೆ ತಂಪಿನಲ್ಲಿ ಯೀಸ್ಟ್ ನಿಧಾನವಾಗಿ ಕೆಲಸ ಮಾಡುತ್ತದೆ ಮತ್ತು ಆ ನಿಧಾನದಲ್ಲೇ ಹಿಟ್ಟಿಗೆ ಒಳ್ಳೆಯ ಪರಿಮಳ ಬರುತ್ತದೆ. ನಾದುವಾಗ ನೀರು ಬೆಚ್ಚಗಿದ್ದರೆ, ಅಂದರೆ 35ರಿಂದ 40 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು. 60 ಡಿಗ್ರಿಯ ಹತ್ತಿರದ ಬಿಸಿನೀರು ಯೀಸ್ಟನ್ನು ಸಾಯಿಸಿಬಿಡುತ್ತದೆ.

ಹೀಗೆ ಮಾಡಿದರೆ ಹಬ್ಬದ ಬೆಳಗ್ಗೆ ಅಡುಗೆಮನೆಯಲ್ಲಿ ಉಳಿಯುವುದು ಸಂತೋಷದ ಕೆಲಸ ಮಾತ್ರ. ಫ್ರಿಜ್ಜಿನಿಂದ ತೆಗೆದ ಹಿಟ್ಟನ್ನು ಉಂಡೆಗಳಾಗಿ ಹಂಚಿ, ಗೋಧಿ ಒಗ್ಗುವ ಪ್ರತಿಯೊಬ್ಬರೂ ಊಟದಲ್ಲಿ ತಾವು ತಿನ್ನುವ ಬ್ರೆಡ್ಡನ್ನು ತಾವೇ ರೂಪಿಸಲಿ. ಜಡೆ, ಗಂಟು, ಎಲೆ, ಮೀನು, ಹೆಸರಿನ ಮೊದಲ ಅಕ್ಷರ, ಏನಾದರೂ ಆಗಬಹುದು. ತೀರ ತೆಳ್ಳಗಿನ ತುದಿಗಳು ಬೇಗ ಸೀದುಹೋಗುವುದರಿಂದ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ದಪ್ಪ ಇರಲಿ ಎಂಬ ಒಂದೇ ಮಾತನ್ನು ಮೊದಲೇ ಹೇಳಿಬಿಡಿ. ಅಡುಗೆಯೂ ಕೈಕೆಲಸವೂ ನಿಜವಾಗಿ ಒಂದಾಗುವುದು ಇಲ್ಲೇ ಎಂಬುದು ನನ್ನ ಅಭಿಪ್ರಾಯ.

ಕಾಗದ ಕತ್ತರಿ

ಊಟದ ಮೇಜಿಗೆ ನಿಜವಾಗಿ ಬೇಕಾದ ಕಾಗದದ ಕೆಲಸಗಳಲ್ಲಿ ಮೊದಲನೆಯದು ಹೆಸರಿನ ಚೀಟಿ. ಎ4 ಹಾಳೆಯನ್ನು ಉದ್ದದ ಬದಿಯಿಂದ ಮೂರು ಸಲ ಅರ್ಧರ್ಧವಾಗಿ ಮಡಿಸುತ್ತ ಹೋದರೆ 74 ಮತ್ತು 105 ಮಿಲಿಮೀಟರ್ ಅಳತೆಯ ಎಂಟು ಸಮಾನ ತುಂಡುಗಳು ಸಿಗುತ್ತವೆ, ಮತ್ತು ಪ್ರತಿ ತುಂಡೂ ಮೂಲ ಹಾಳೆಯ ಆಕಾರವನ್ನೇ ಉಳಿಸಿಕೊಂಡಿರುತ್ತದೆ. ಅಗಲಕ್ಕೂ ಉದ್ದಕ್ಕೂ ಇರುವ ಅನುಪಾತ 1ಕ್ಕೆ ಎರಡರ ವರ್ಗಮೂಲ ಆಗಿರುವುದೇ ಇದಕ್ಕೆ ಕಾರಣ. ಶಾಲೆಗೆ ಹೋಗುವ ಮಗುವಿಗೆ ಇದನ್ನು ಮಡಿಸಿ ತೋರಿಸಿದರೆ ಪಾಠದಲ್ಲಿ ಓದಿದ್ದಕ್ಕಿಂತ ಚೆನ್ನಾಗಿ ನೆನಪಿರುತ್ತದೆ. ಎರಡು ದಪ್ಪ ಹಾಳೆ ನಿಮ್ಮ 15 ಮಂದಿಗೆ ಸಾಕು, ಅನಿರೀಕ್ಷಿತವಾಗಿ ಬರುವ ಅತಿಥಿಗೊಂದು ಚೀಟಿ ಉಳಿಯುತ್ತದೆ.

ಚೀಟಿಯಲ್ಲಿ ಹೆಸರು ಮಾತ್ರ ಬರೆಯುವುದಕ್ಕಿಂತ, ಒಳಮಡಿಕೆಯಲ್ಲಿ ಆ ವ್ಯಕ್ತಿಯ ಬಗ್ಗೆ ತನಗೆ ಇಷ್ಟವಾದ ಒಂದು ಸಂಗತಿಯನ್ನು ಮಗು ಬರೆಯಲಿ ಅಥವಾ ಚಿತ್ರಿಸಲಿ. ಇಂತಹ ಚೀಟಿಯನ್ನು ಯಾರೂ ಎಸೆಯುವುದಿಲ್ಲ.

ಎರಡನೆಯದು ಕಿಟಕಿಗೂ ಮೇಜಿನ ನಡುವಿಗೂ ಆಗುವ ಹಿಮದ ಹರಳಿನ ವಿನ್ಯಾಸ. ಇದನ್ನು ಎಂಟು ಮೂಲೆಗಳಾಗಿ ಕತ್ತರಿಸುವುದು ಸುಲಭವಾದರೂ ನಿಜವಾದ ಹಿಮದ ಹರಳಿಗೆ ಇರುವುದು ಆರೇ ಮೂಲೆ. ಖಗೋಳವಿಜ್ಞಾನಿ ಜೊಹಾನ್ಸ್ ಕೆಪ್ಲರ್ 1611ರಲ್ಲೇ ಅದು ಏಕೆ ಆರು ಎಂಬ ಪ್ರಶ್ನೆಯನ್ನಿಟ್ಟುಕೊಂಡು ಒಂದು ಕಿರುಹೊತ್ತಗೆ ಬರೆದಿದ್ದರು; ಹೆಪ್ಪುಗಟ್ಟುವಾಗ ನೀರಿನ ಅಣುಗಳು ಆರು ಬದಿಯ ಜಾಲವಾಗಿ ಜೋಡಣೆಗೊಳ್ಳುವುದೇ ಕಾರಣ ಎಂಬುದು ಬಹಳ ಕಾಲದ ನಂತರ ತಿಳಿದುಬಂತು. ಚೌಕದ ಕಾಗದವನ್ನು ಮೂಲೆಯಿಂದ ಮೂಲೆಗೆ ಮಡಿಸಿ ತ್ರಿಕೋನ ಮಾಡಿ. ಉದ್ದನೆಯ ಅಂಚಿನ ನಡುಬಿಂದುವನ್ನು ತುದಿಯಾಗಿಟ್ಟುಕೊಂಡು ಬಲಭಾಗವನ್ನು ಒಳಕ್ಕೂ ಎಡಭಾಗವನ್ನು ಅದರ ಮೇಲಕ್ಕೂ ತಂದು ಮೂರು ಸಮಪಾಲು ಮಾಡಿ. ಅದನ್ನು ಇನ್ನೊಮ್ಮೆ ನಡುವಿನಲ್ಲಿ ಮಡಿಸಿ, ಮೇಲೆ ಉಳಿದ ಕಿವಿಗಳನ್ನು ಕತ್ತರಿಸಿ ತೆಗೆಯಿರಿ. ಈಗ ನಿಮ್ಮ ಕೈಯಲ್ಲಿ 12 ಪದರಗಳಿರುತ್ತವೆ, ಆದ್ದರಿಂದ ಕಾಗದ ತೆಳ್ಳಗಿರಬೇಕು. ಚಿಕ್ಕ ಮಗುವಿಗಾದರೆ ಕೊನೆಯ ಮಡಿಕೆಯನ್ನು ಬಿಟ್ಟು ಆರು ಪದರಕ್ಕೇ ನಿಲ್ಲಿಸಿ. ಬಿಡಿಸುವ ಕ್ಷಣದಲ್ಲಿ ಮಗುವಿನ ಮುಖ ನೋಡಲು ಮರೆಯಬೇಡಿ.

ಮೂರನೆಯದು ಒಣಗಿಸಿದ ಕಿತ್ತಳೆಯ ಮಾಲೆ. ಹಣ್ಣನ್ನು 5 ಮಿಲಿಮೀಟರ್ ದಪ್ಪದ ಬಿಲ್ಲೆಗಳಾಗಿ ಕತ್ತರಿಸಿ, ಬಟ್ಟೆಯಿಂದ ಒತ್ತಿ ತೇವ ತೆಗೆದು, 100 ಡಿಗ್ರಿ ಸೆಲ್ಸಿಯಸ್ ಓವನ್ನಿನಲ್ಲಿ ಆಗಾಗ ಮಗುಚುತ್ತ ಮೂರರಿಂದ ನಾಲ್ಕು ಗಂಟೆ ಬಿಟ್ಟರೆ ಬೆಳಕು ಹಾಯುವ ಗಾಜಿನಂತಹ ಬಿಲ್ಲೆಗಳಾಗುತ್ತವೆ. ಚಕ್ಕೆಯ ತುಂಡುಗಳ ಜೊತೆಗೆ ದಾರದಲ್ಲಿ ಪೋಣಿಸಿ ಕಿಟಕಿಗೆ ತೂಗುಬಿಡಿ. ಕತ್ತರಿಸಿದ ತುದಿಗಳ ರಸ ಸಲಾಡಿಗೆ ಹೋಗುತ್ತದೆ.

ಧಾನ್ಯಕ್ಕೆ ಗೌರವ

ಇದುವರೆಗಿನ ಸಲಹೆಗಳು ನನಗೆ ಇಷ್ಟವಾದವು, ಆದರೂ ಒಂದು ವಿಷಯವನ್ನು ನೇರವಾಗಿ ಹೇಳಬೇಕಾಗಿದೆ. ಅಕ್ಕಿಗೆ ಬಣ್ಣ ಹಾಕಿ ಅಂಟಿಸುವುದು, ಪಾಸ್ತಾವನ್ನು ಸರವಾಗಿ ಪೋಣಿಸುವುದು, ಹಿಟ್ಟಿಗೆ ಉಪ್ಪು ಸುರಿದು ಗೊಂಬೆ ಮಾಡುವುದು ಎಲ್ಲೆಡೆ ಜನಪ್ರಿಯವಾಗಿವೆ. ತಿನ್ನುವ ಪದಾರ್ಥವನ್ನು ತಿನ್ನಲಾಗದಂತೆ ಮಾಡಿ ಎಸೆಯುವುದನ್ನು ಮಕ್ಕಳಿಗೆ ಹಬ್ಬದ ದಿನವೇ ಕಲಿಸುವುದು ಸರಿಯಲ್ಲ ಎಂದು ನಾನು ನಂಬುತ್ತೇನೆ. ಕಿತ್ತಳೆಯ ಬಿಲ್ಲೆಗಳ ಬಗ್ಗೆಯೂ ನನಗೆ ಅದೇ ಹಿಂಜರಿಕೆ ಇದೆ. ಸಿಪ್ಪೆ, ಬೀಜ, ಉದುರಿದ ಎಲೆ, ಹಳೆಯ ಪತ್ರಿಕೆ, ಬಟ್ಟೆಯ ಚೂರು ಇವು ಅಡುಗೆಮನೆಯಲ್ಲೂ ಮನೆಯ ಸುತ್ತಲೂ ಬೇಕಾದಷ್ಟು ಸಿಗುತ್ತವೆ.

ಒಂದು ಉದಾಹರಣೆ ಕೊಡುತ್ತೇನೆ. ಸಲಾಡಿಗೆ ಕೆಂಪು ಎಲೆಕೋಸು ಹೆಚ್ಚಿದಾಗ ಉಳಿಯುವ ಹೊರ ಎಲೆಗಳನ್ನೂ ದಿಂಡನ್ನೂ ನೀರಿನಲ್ಲಿ 20 ನಿಮಿಷ ಕುದಿಸಿ ಸೋಸಿದರೆ ನೇರಳೆ ಬಣ್ಣದ ನೀರು ಸಿಗುತ್ತದೆ. ಅದನ್ನು ಬಿಳಿ ಕಾಗದಕ್ಕೆ ಬಳಿದು ಒಣಗಿಸಿ, ಒಂದು ಕುಂಚವನ್ನು ನಿಂಬೆರಸದಲ್ಲೂ ಇನ್ನೊಂದನ್ನು ಅಡುಗೆ ಸೋಡಾ ಕಲಸಿದ ನೀರಿನಲ್ಲೂ ಅದ್ದಿ ಬರೆಯಲು ಕೊಡಿ. ಹುಳಿ ತಾಗಿದಲ್ಲಿ ಗುಲಾಬಿ, ಸೋಡಾ ತಾಗಿದಲ್ಲಿ ನೀಲಿ ಇಲ್ಲವೇ ಹಸಿರು ಬಣ್ಣ ಮೂಡುತ್ತದೆ. ಎಲೆಕೋಸಿನಲ್ಲಿರುವ ಆಂಥೋಸಯನಿನ್ ಎಂಬ ವರ್ಣದ್ರವ್ಯ ಹುಳಿಗೂ ಕ್ಷಾರಕ್ಕೂ ಬೇರೆ ಬೇರೆ ಬಣ್ಣ ತಾಳುತ್ತದೆ. ಕಾಗದ ಕತ್ತರಿಯವರು ಹೇಳಿದ ಹೆಸರಿನ ಚೀಟಿಗಳನ್ನು ಇದರಲ್ಲೇ ಬರೆಯಬಹುದು. ಊಟದ ತಟ್ಟೆಯಲ್ಲಿರುವ ತರಕಾರಿಯೇ ಚೀಟಿಗೆ ಬಣ್ಣವನ್ನೂ ಕೊಟ್ಟಿತು ಎಂಬುದನ್ನು ಮಕ್ಕಳು ಅತಿಥಿಗಳಿಗೆಲ್ಲ ಹೇಳಿಕೊಂಡು ಬರುತ್ತಾರೆ.

ಕಾಗದ ಕತ್ತರಿ

ಧಾನ್ಯದ ವಿಷಯದಲ್ಲಿ ನಿಮ್ಮ ಮಾತನ್ನು ಒಪ್ಪುತ್ತೇನೆ. ಕಿತ್ತಳೆಯ ವಿಷಯದಲ್ಲಿ ಒಪ್ಪಲಾರೆ, ಏಕೆಂದರೆ ಬಾಡತೊಡಗಿದ ಹಣ್ಣುಗಳೇ ಈ ಕೆಲಸಕ್ಕೆ ಸಾಕು, ಮತ್ತು ಒಣ ಹವೆಯಲ್ಲಿ ಕಾಪಾಡಿದರೆ ಅದೇ ಮಾಲೆಯನ್ನು ಮುಂದಿನ ವರ್ಷವೂ ಕಟ್ಟಬಹುದು. ಕೆಲವೇ ಗಂಟೆ ಬಾಳುವ ಪ್ಲಾಸ್ಟಿಕ್ ತೋರಣಕ್ಕಿಂತ ಅದು ಎಷ್ಟೋ ಮೇಲು.

ಮಣ್ಣಿನ ಕೈ

ಉಪ್ಪುಹಿಟ್ಟಿನ ಬಗ್ಗೆ ಬಹಳ ಮಂದಿ ಕೇಳುವುದರಿಂದ ಅದರ ಹದವನ್ನೂ, ಈ ಮನೆಗೆ ಅದು ಏಕೆ ಬೇಡ ಎಂಬುದನ್ನೂ ಒಟ್ಟಿಗೇ ಬರೆಯುತ್ತೇನೆ. ಎರಡು ಲೋಟ ಮೈದಾ, ಒಂದು ಲೋಟ ಪುಡಿ ಉಪ್ಪು, ಸುಮಾರು ಒಂದು ಲೋಟದವರೆಗೆ ನೀರು. ನೀರನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ ಗಟ್ಟಿಯಾಗಿ ನಾದಿ, ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ, ಕತ್ತರಿಸಿ, ದಾರಕ್ಕೆ ತೂತು ಮಾಡಿ, 100 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಒಣಗಿಸುತ್ತಾರೆ. ಆದರೆ ಇದರಲ್ಲಿರುವ ಉಪ್ಪಿನ ಪ್ರಮಾಣ ನಾಯಿಗೆ ಪ್ರಾಣಾಪಾಯ ತರುವಷ್ಟಿದೆ, ಮತ್ತು ನಾಯಿಗಳು ಹಿಟ್ಟಿನ ವಾಸನೆಗೆ ಅದನ್ನು ಕಚ್ಚಿ ತಿನ್ನುವುದುಂಟು. ಗೋಧಿ ಒಗ್ಗದ ಮಗುವಿರುವಲ್ಲಿ ಮೈದಾದ ಪುಡಿ ಹಾರುವುದೂ ಬೆರಳಿಗೆ ಅಂಟುವುದೂ ಒಳ್ಳೆಯದಲ್ಲ. ಮೇಲಾಗಿ ಉಪ್ಪು ಗಾಳಿಯ ತೇವ ಹೀರುವುದರಿಂದ ತೇವದ ಹವೆಯಲ್ಲಿ ಗೊಂಬೆ ಮೆತ್ತಗಾಗುತ್ತದೆ.

ಇದರ ಬದಲು ಎರಡು ಲೋಟ ಅಡುಗೆ ಸೋಡಾ, ಒಂದು ಲೋಟ ಕಾರ್ನ್‌ಫ್ಲೋರ್, ಒಂದೂಕಾಲು ಲೋಟ ನೀರು ಕಲಸಿ ಸಣ್ಣ ಉರಿಯಲ್ಲಿ ತಿರುವುತ್ತ ಇರಿ. ಕೆಲವು ನಿಮಿಷಗಳಲ್ಲಿ ಅದು ಕಿವುಚಿದ ಆಲೂಗಡ್ಡೆಯ ಹದಕ್ಕೆ ಬರುತ್ತದೆ. ಒದ್ದೆ ಬಟ್ಟೆ ಮುಚ್ಚಿ ಆರಿಸಿ, ನಾದಿ, ಲಟ್ಟಿಸಿದರೆ ಮೈದಾ ಹಿಟ್ಟಿಗಿಂತ ಬಿಳುಪಾದ, ನುಣುಪಾದ ಬಿಲ್ಲೆಗಳು ಸಿಗುತ್ತವೆ. ಗಾಳಿಯಲ್ಲೇ ಒಂದೆರಡು ದಿನ, ನಡುವೆ ಮಗುಚುತ್ತ, ಒಣಗಿಸಬಹುದು. ಎಲೆಯನ್ನೋ ಲೇಸನ್ನೋ ಒತ್ತಿ ಅಚ್ಚು ಮೂಡಿಸುವುದು 4 ವರ್ಷದ ಮಗುವಿಗೂ ಬರುತ್ತದೆ. ತೂತು ಮಾಡಿ ದಾರ ಕಟ್ಟಿದರೆ ಕರವಸ್ತ್ರ ಸುತ್ತುವ ಪಟ್ಟಿಗೆ ತೂಗುಬಿಲ್ಲೆಯಾಗುತ್ತದೆ. ಸೋಡಾದಲ್ಲೂ ಸೋಡಿಯಂ ಇರುವುದರಿಂದ ಇದನ್ನೂ ನಾಯಿಯ ಬಾಯಿಗೆ ಸಿಗದಷ್ಟು ಎತ್ತರದಲ್ಲೇ ಇಡಬೇಕು.

ಮೂರು ತಲೆಮಾರಿನ ಮನೆ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಎಲೆಕೋಸಿನ ಬಣ್ಣದಲ್ಲಿ ಹೆಸರಿನ ಚೀಟಿ, ಕಾರ್ನ್‌ಫ್ಲೋರಿನ ಬಿಲ್ಲೆ ಇವೆರಡನ್ನೂ ಖಂಡಿತ ಮಾಡುತ್ತೇವೆ. ಮಕ್ಕಳನ್ನು ಹಿಟ್ಟಿನ ಮುಂದೆ ಕೂರಿಸಿದಾಗ ಅವರು ಹಸಿ ಹಿಟ್ಟನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ. ಇದರಿಂದ ತೊಂದರೆಯಿದೆಯೇ? ಅದಲ್ಲದೆ, ನಮ್ಮ ಬಂಧುಗಳ ಪೈಕಿ 10 ತಿಂಗಳ ಕೂಸೂ ಬರುವ ಸಾಧ್ಯತೆ ಇದೆ.

ಮಕ್ಕಳ ವಾರ್ಡಿನ ದಾದಿ

ಹಸಿ ಹಿಟ್ಟು ತಿನ್ನಬಾರದು. ಹಸಿ ಮೊಟ್ಟೆಯ ಬಗ್ಗೆ ಎಲ್ಲರಿಗೂ ಗೊತ್ತು, ಆದರೆ ಹಿಟ್ಟೂ ಹಸಿ ಪದಾರ್ಥವೇ ಎಂಬುದು ಬಹಳ ಮಂದಿಗೆ ಹೊಳೆಯುವುದಿಲ್ಲ. ಹೊಲದಿಂದ ಬಂದ ಧಾನ್ಯವನ್ನು ಬೀಸಿದ ಮಾತ್ರಕ್ಕೆ ಅದರಲ್ಲಿರಬಹುದಾದ ಇ. ಕೋಲಿ, ಸಾಲ್ಮೊನೆಲ್ಲಾ ಮುಂತಾದ ಸೂಕ್ಷ್ಮಜೀವಿಗಳು ಸಾಯುವುದಿಲ್ಲ, ಬೇಯಿಸಿದಾಗಲೇ ಸಾಯುತ್ತವೆ. ಗದರಿಸುವ ಬದಲು ಪಕ್ಕದಲ್ಲಿ ತಿನ್ನಲು ಹಣ್ಣಿನ ಹೋಳುಗಳನ್ನಿಟ್ಟು, ಕೆಲಸ ಮುಗಿದ ತಕ್ಷಣ ಸೋಪಿನಿಂದ ಕೈ ತೊಳೆಸಿ.

ಒಂದು ವರ್ಷದೊಳಗಿನ ಕೂಸಿಗೆ ಜೇನುತುಪ್ಪವನ್ನು ಯಾವ ರೂಪದಲ್ಲೂ ಕೊಡಬೇಡಿ, ಏಕೆಂದರೆ ಅದರಲ್ಲಿರಬಹುದಾದ ಬ್ಯಾಕ್ಟೀರಿಯಾದ ಬೀಜಾಣುಗಳು ಕೂಸಿನ ಕರುಳಿನಲ್ಲಿ ವಿಷ ಉಂಟುಮಾಡಬಲ್ಲವು. ಸಿಹಿಯ ಮೇಲೆ ಸುರಿದ ಜೇನೂ ಇದಕ್ಕೆ ಸೇರಿತು. ಇಡಿ ಗೋಡಂಬಿ, ಬಾದಾಮಿ, ಕಡಲೆಬೀಜಗಳನ್ನು 5 ವರ್ಷ ತುಂಬದ ಮಕ್ಕಳಿಗೆ ಕೊಡುವುದು ಬೇಡ, ಗಂಟಲಲ್ಲಿ ಸಿಲುಕುವ ಭಯವಿದೆ. ದ್ರಾಕ್ಷಿಯನ್ನು ಉದ್ದುದ್ದ ಸೀಳಿ ನಾಲ್ಕು ಹೋಳು ಮಾಡಿ. ಅಲಂಕಾರಕ್ಕೆ ಬಳಸುವ ಮಿನುಗುಪುಡಿಯ ಡಬ್ಬಿಯ ಮೇಲೆ ವಿಷಕಾರಿಯಲ್ಲ ಎಂದು ಬರೆದಿದ್ದರೆ ಅದನ್ನು ತಿನ್ನಬಹುದು ಎಂದರ್ಥವಲ್ಲ. ಸಿಹಿಯ ಮೇಲೆ ಹಾಕುವುದಾದರೆ ತಿನ್ನಲು ಯೋಗ್ಯ ಎಂದೂ ಒಳಗೊಂಡ ಪದಾರ್ಥಗಳ ಪಟ್ಟಿಯೂ ಮುದ್ರಿತವಾಗಿರಬೇಕು. ನನ್ನನ್ನು ಕೇಳಿದರೆ, ಕೈಕೆಲಸದ ಮೇಜಿನಲ್ಲೂ ಮಿನುಗುಪುಡಿ ಬೇಕಿಲ್ಲ. ಅದು ಹಾರಿ ಊಟದ ತಟ್ಟೆಗೆ ಬೀಳುವುದನ್ನು ತಡೆಯುವುದು ಕಷ್ಟ.

ಒಲೆಯ ಪಕ್ಕದವಳು

ಹದಿಹರೆಯದವರ ಬಗ್ಗೆ ಯಾರೂ ಇನ್ನೂ ಬರೆದಿಲ್ಲ. ಅವರಿಗೆ ಈರುಳ್ಳಿ ಸುಲಿ, ತಟ್ಟೆ ಎತ್ತಿಡು ಎಂಬ ಬಿಡಿ ಕೆಲಸಗಳನ್ನು ಹೇಳಿದರೆ ಮೊಬೈಲಿನ ಕಡೆಗೇ ಮರಳುತ್ತಾರೆ. ಅದರ ಬದಲು ಒಂದು ಬಗೆಯನ್ನು ಆರಂಭದಿಂದ ಬಡಿಸುವವರೆಗೆ ಪೂರ್ತಿಯಾಗಿ ವಹಿಸಿಕೊಡಬೇಕು: ಏನು ಮಾಡುವುದು, ಎಷ್ಟು ಸಾಮಾನು ತರುವುದು, ಎಷ್ಟು ಹೊತ್ತಿಗೆ ಒಲೆ ಹಚ್ಚುವುದು ಎಲ್ಲವೂ ಅವರದೇ ನಿರ್ಧಾರ. ಕೋಳಿ ಬೇಯಿಸುವ ಹೊಣೆ ಹೊತ್ತವರ ಕೈಗೆ ಒಂದು ಅಡುಗೆ ಥರ್ಮಾಮೀಟರ್ ಕೊಡಿ. ಅತ್ಯಂತ ದಪ್ಪನೆಯ ಭಾಗದ ಒಳಗೆ, ಮೂಳೆಗೆ ತಾಗದಂತೆ, 74 ಡಿಗ್ರಿ ತೋರಿಸಿದರೆ ಬೆಂದಿದೆ. ಬಣ್ಣ ನೋಡಿ ಊಹಿಸುವುದಕ್ಕಿಂತ ಈ ಅಳತೆ ಅವರಿಗೂ ಹೆಚ್ಚು ಹಿಡಿಸುತ್ತದೆ. ದೊಡ್ಡವರು ಕೇಳಿದಾಗ ಮಾತ್ರ ಸಲಹೆ ಕೊಡಬೇಕು. ಇದು ದೊಡ್ಡವರಿಗೇ ಕಠಿಣ ಎಂದು ಬಲ್ಲೆ, ಆದರೂ ಬಿಡಲೇಬೇಕು.

ಅಜ್ಜನ ಮೊಮ್ಮಗಳು

ನನ್ನ ಮನಸ್ಸು ಮೊದಲ ಬರಹದಲ್ಲಿ ಬಂದ, ಕುರ್ಚಿಯಲ್ಲಿ ಕುಳಿತ ಅಜ್ಜಿಯ ಬಳಿಯೇ ನಿಂತಿದೆ. ಹಿರಿಯರನ್ನು ಕೆಲಸದಿಂದ ಬಿಡಿಸುವುದೇ ಗೌರವ ಎಂದುಕೊಂಡು ನಾವು ಅವರನ್ನು ಹಬ್ಬದಿಂದಲೇ ಹೊರಗಿಟ್ಟುಬಿಡುತ್ತೇವೆ. ಕುಳಿತೇ ಮಾಡುವ ಕೆಲಸಗಳು ಎಷ್ಟೋ ಇವೆ: ಬಟಾಣಿ ಬಿಡಿಸುವುದು, ಸೊಪ್ಪು ಆಯುವುದು, ಬ್ರೆಡ್ಡಿನ ಜಡೆ ಹೆಣೆಯುವುದು, ಕರವಸ್ತ್ರ ಮಡಿಸುವುದು. ಬೆರಳ ಗಂಟುಗಳು ನೋಯುವವರಿಗೆ ಒತ್ತಿ ಬಿಟ್ಟರೆ ತಾನೇ ತೆರೆದುಕೊಳ್ಳುವ ಸ್ಪ್ರಿಂಗ್ ಕತ್ತರಿ ಸಿಗುತ್ತದೆ, ಮತ್ತು ಅದು ಚಿಕ್ಕ ಮಕ್ಕಳ ಕೈಗೂ ಹೊಂದುತ್ತದೆ. ಕಣ್ಣು ಮಂಜಾದವರಿಗೆ ಬಿಳಿ ಮೇಜುಬಟ್ಟೆಯ ಮೇಲೆ ಬಿಳಿ ತಟ್ಟೆ, ಅದರಲ್ಲಿ ಬಿಳಿ ಅನ್ನ ಇಟ್ಟರೆ ಗುರುತಿಸುವುದು ಕಷ್ಟವಾದ್ದರಿಂದ ಗಾಢ ಬಣ್ಣದ ಬಟ್ಟೆ ಹಾಸಿ.

ಎಲ್ಲಕ್ಕಿಂತ ಮುಖ್ಯವಾಗಿ, ಅಜ್ಜಿಯ ಅಡುಗೆಯ ಪುಸ್ತಕವನ್ನು ಈ ರಜೆಯಲ್ಲೇ ಮಾಡಿ. ಅವರು ಅಳತೆ ಹೇಳುವುದು ಒಂದು ಹಿಡಿ, ಒಂದು ಚಿಟಿಕೆ, ಕಣ್ಣಳತೆ ಎಂದೇ ತಾನೆ? ಅವರ ಕೈಯಿಂದಲೇ ಒಂದು ಹಿಡಿ ಅಕ್ಕಿಯನ್ನೋ ಬೇಳೆಯನ್ನೋ ತಕ್ಕಡಿಗೆ ಹಾಕಿಸಿ, ಮೂರು ನಾಲ್ಕು ಸಲ ತೂಗಿ ಸರಾಸರಿ ತೆಗೆದು, ಮಕ್ಕಳು ಗ್ರಾಮಿನಲ್ಲಿ ಬರೆದುಕೊಳ್ಳಲಿ. ಚಿಟಿಕೆಯನ್ನು ಹತ್ತು ಸಲ ಹಾಕಿಸಿ ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸಿದರೆ ಮನೆಯ ತಕ್ಕಡಿಗೂ ಲೆಕ್ಕ ಸಿಗುತ್ತದೆ. ಪುಟದ ಅಂಚಿನಲ್ಲಿ ಅಜ್ಜಿಯ ಅಂಗೈಯ ಗೆರೆಯನ್ನು ಪೆನ್ಸಿಲಿನಿಂದ ಸುತ್ತುಗಟ್ಟಿ ಬರೆದುಕೊಳ್ಳಿ. ಹಿಡಿ ಎಂದರೆ ಯಾವ ಕೈಯ ಹಿಡಿ ಎಂಬುದು ಆ ಪುಟದಲ್ಲೇ ಉಳಿಯುತ್ತದೆ. ಹಾಳೆಗಳನ್ನು ಅರ್ಧಕ್ಕೆ ಮಡಿಸಿ, ಬೆನ್ನಿನಲ್ಲಿ ಮೂರು ತೂತು ಮಾಡಿ, ದಪ್ಪ ದಾರದಿಂದ ಹೊಲಿದರೆ ಪುಸ್ತಕ ಸಿದ್ಧ. ಈ ಒಂದು ಕೆಲಸದಲ್ಲಿ ಅಜ್ಜಿಗೆ, ಶಾಲೆಯ ಮಕ್ಕಳಿಗೆ, ಬರೆಯಲು ಬಾರದ ಕಿರಿಯರಿಗೆ, ಎಲ್ಲರಿಗೂ ಪಾಲಿದೆ.

ಮೂರು ತಲೆಮಾರಿನ ಮನೆ

ಅಂಗೈಯ ಗೆರೆಯ ಮಾತು ಓದಿ ಮನಸ್ಸು ತುಂಬಿಬಂತು. ಅಜ್ಜಿಗೆ ಹೇಳಿದಾಗ ಯಾವ ಅಡುಗೆ ಮೊದಲು ಬರೆಯಬೇಕು ಎಂದು ಅವರೇ ಪಟ್ಟಿ ಹೇಳತೊಡಗಿದರು. ಉಳಿದಿರುವುದು ಒಂದೇ ಪ್ರಶ್ನೆ: ಇಷ್ಟು ಮಂದಿ ಮಾತಾಡುತ್ತ ನಿಧಾನವಾಗಿ ಉಣ್ಣುವಾಗ ಅಡುಗೆ ಮೇಜಿನ ಮೇಲೆ ಎಷ್ಟು ಹೊತ್ತು ಇರಬಹುದು? ಉಳಿದ ಅನ್ನವನ್ನು ಏನು ಮಾಡುವುದು?

ಒಲೆಯ ಪಕ್ಕದವಳು

ಎರಡು ಗಂಟೆ. ಕೋಣೆಯ ಬಿಸಿ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಸೂಕ್ಷ್ಮಜೀವಿಗಳು ವೇಗವಾಗಿ ಬೆಳೆಯುವುದು 4ರಿಂದ 60 ಡಿಗ್ರಿಯ ನಡುವೆ, ಆದ್ದರಿಂದ ಎಲ್ಲವನ್ನೂ ಒಮ್ಮೆಗೇ ಮೇಜಿಗೆ ತರುವ ಬದಲು ಅರ್ಧವನ್ನು ಸಣ್ಣ ಉರಿಯ ಮೇಲೆಯೇ ಬಿಟ್ಟು ಬೇಕಾದಂತೆ ತನ್ನಿ. ಅನ್ನದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು: ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಬೇಯಿಸಿದರೂ ಬದುಕಿರುತ್ತವೆ, ಬೆಚ್ಚಗಿನ ಅನ್ನದಲ್ಲಿ ಮೊಳೆತು ವಿಷ ಉತ್ಪಾದಿಸುತ್ತವೆ, ಮತ್ತು ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗದಿರಬಹುದು. ಊಟ ಮುಗಿದ ಕೂಡಲೇ ಅನ್ನವನ್ನು ಅಗಲವಾದ ತಟ್ಟೆಗಳಲ್ಲಿ ತೆಳ್ಳಗೆ ಹರಡಿ ಆರಿಸಿ, ತಡಮಾಡದೆ ಫ್ರಿಜ್ಜಿಗೆ ಸೇರಿಸಿ, ಮರುದಿನವೇ ಹೊಗೆಯಾಡುವಷ್ಟು ಬಿಸಿ ಮಾಡಿ ಉಂಡುಬಿಡಿ. ಈ ಕೆಲಸಕ್ಕೆ ಒಬ್ಬರನ್ನು ಊಟಕ್ಕೆ ಮೊದಲೇ ಹೆಸರಿಸಿಡುವುದು ಒಳ್ಳೆಯದು. ಬೆಳಗಿನಿಂದ ಅಡುಗೆ ಮಾಡಿದವರ ಹೆಸರು ಮಾತ್ರ ಬೇಡ.